ಹದಿನಾರು ಗಂಟೆ ಕೂರುವುದು ಹೇಗೆ?

ಪ್ರಶ್ನೆ: ನನಗೆ 67 ವರ್ಷ. ಹದಿನಾಲ್ಕನೇ ವಯಸ್ಸಿಗೆ ಕಾರ್ಕಳದ ಕಡೆಯಿಂದ ಮುಂಬಯಿಗೆ ಬಂದವನು. ಫೋರ್ಟಿನ ಹೋಟೆಲೊಂದರಲ್ಲಿ ಟೇಬಲ್ ಒರೆಸುತ್ತ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದೆ. ಮುಂದೆ ಮುಲುಂಡಿನಲ್ಲಿ ಸ್ವಂತ ಹೋಟೆಲು ಮಾಡಿದೆ. ಈಗ ಅದನ್ನು ಕಂಡಕ್ಟಿಂಗಿಗೆ, ಅಂದರೆ ಬೇರೆಯವರಿಗೆ ನಡೆಸಲು, ಕೊಟ್ಟಿದ್ದೇನೆ. ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಅವಳ ಬಾಣಂತನಕ್ಕೆಂದು ನನ್ನ ಹೆಂಡತಿ ಮೊದಲೇ ಹೋದಳು. ಈಗ ಮೊಮ್ಮಗುವನ್ನು ನೋಡಲು ನಾನು ಒಬ್ಬನೇ ಹೊರಡಬೇಕು. ಅಳಿಯ ಟಿಕೆಟ್ ತೆಗೆದಿದ್ದಾನೆ, ನೇರ ವಿಮಾನ, ಹದಿನಾರು ಗಂಟೆ ಅನ್ನುತ್ತಾನೆ.

ವಿಮಾನದ ಹೆದರಿಕೆ ನನಗಿಲ್ಲ. ಮಂಗಳೂರಿಗೆ ಎಷ್ಟೋ ಸಲ ಹೋಗಿ ಬಂದಿದ್ದೇನೆ. ಆದರೆ ಆ ಒಂದೂವರೆ ಗಂಟೆಯಲ್ಲೇ ಮತ್ತೆ ಮತ್ತೆ ಗಡಿಯಾರ ನೋಡುತ್ತೇನೆ. ಇಡೀ ಜೀವಮಾನ ನಿಂತು ಕೆಲಸ ಮಾಡಿದವನು, ಕೂತು ಅಭ್ಯಾಸವಿಲ್ಲ. ಸಿನಿಮಾ ಹಾಕಿದರೆ ಹತ್ತು ನಿಮಿಷಕ್ಕೆ ಎದ್ದು ಹೋಗುತ್ತೇನೆ, ಇಂಗ್ಲಿಷ್ ಸಿನಿಮಾ ಅರ್ಥವಾಗುವುದಿಲ್ಲ. ಫೋನಿನಲ್ಲಿ ಯಕ್ಷಗಾನ ನೋಡುತ್ತೇನೆ, ಮೇಲೆ ನೆಟ್ ಇರುವುದಿಲ್ಲವಂತೆ. ಒಬ್ಬ ಸ್ನೇಹಿತ ‘ಎರಡು ಪೆಗ್ ಹಾಕಿ ಮಲಗಿಬಿಡು’ ಅಂದ. ಇನ್ನೊಬ್ಬ ‘ವೀಲ್‌ಚೇರ್ ಬರೆಸು, ಎಲ್ಲಾ ಅವರೇ ನೋಡಿಕೊಳ್ಳುತ್ತಾರೆ’ ಅಂದ. ಇದು ಕೇಳುವಂಥ ಪ್ರಶ್ನೆಯೋ ಅಲ್ಲವೋ ಗೊತ್ತಿಲ್ಲ. ಆದರೆ ಅದನ್ನೇ ಯೋಚಿಸಿ ರಾತ್ರಿ ನಿದ್ದೆ ಬರುವುದಿಲ್ಲ.

— ಹೆಸರು ಬೇಡ, ಮುಲುಂಡ್ ಪಶ್ಚಿಮ

ಉತ್ತರ: ಧಾರಾಳವಾಗಿ ಕೇಳುವಂಥ ಪ್ರಶ್ನೆ. ಬಾಣಂತನಕ್ಕೆ ಹೊರಟ ಅಮ್ಮಂದಿರು ಇದನ್ನೇ ಬೇರೆ ಬೇರೆ ಮಾತಿನಲ್ಲಿ ಕೇಳುತ್ತಿರುತ್ತಾರೆ. ಗಂಡಸರು ಕೇಳುವುದು ಕಡಿಮೆ, ಅವರು ನೇರವಾಗಿ ಪೆಗ್ಗಿನ ಸ್ನೇಹಿತನ ಹತ್ತಿರ ಹೋಗುತ್ತಾರೆ.

ಮೊದಲು ಒಂದು ಲೆಕ್ಕ ನೋಡೋಣ. ನೀವು ಊರಿಗೆ ಮತ್ಸ್ಯಗಂಧ ರೈಲಿನಲ್ಲಿ ಹೋದವರೇ ಅಲ್ಲವೇ? ಮಧ್ಯಾಹ್ನ ಠಾಣೆಯಲ್ಲಿ ಹತ್ತಿದರೆ ಉಡುಪಿಯಲ್ಲಿ ಇಳಿಯುವುದು ಮರುದಿನ ಬೆಳಗಿನ ಜಾವ, ಹದಿನಾಲ್ಕು ಗಂಟೆಯ ಆಸುಪಾಸು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡುವ ಮೊದಲು ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ಸುತ್ತಿಕೊಂಡು ಬಸ್ಸಿನಲ್ಲಿ ಹೋಗುತ್ತಿದ್ದಿರಿ. ಒಂದು ಹಗಲು ಒಂದು ರಾತ್ರಿ, ಅದೂ ಸೀಟು ಹಿಂದಕ್ಕೆ ಬಾಗದ ಬಸ್ಸಿನಲ್ಲಿ. ಆಗ ನಿಮ್ಮನ್ನು ಯಾರೂ ‘ಹೊತ್ತು ಹೇಗೆ ಕಳೆದಿರಿ’ ಎಂದು ಕೇಳಲಿಲ್ಲ, ನಿಮಗೂ ಹಾಗನ್ನಿಸಲಿಲ್ಲ.

ಯಾಕೆ ಅನ್ನಿಸಲಿಲ್ಲ? ಹಾಲ್ಟ್ ಇತ್ತು. ಬಸ್ಸು ಢಾಬಾದ ಮುಂದೆ ನಿಂತಿತು, ಇಳಿದಿರಿ, ಮುಖ ತೊಳೆದಿರಿ, ಚಹಾ ಕುಡಿದು ‘ಇದೇನು ಚಹಾನಾ’ ಎಂದು ಬೈದು ಮತ್ತೆ ಹತ್ತಿದಿರಿ. ರೈಲಿನಲ್ಲಿ ಪನ್ವೇಲ್ ಬಂತು, ರತ್ನಾಗಿರಿ ಬಂತು, ಮಡಗಾಂವ್ ಬಂತು, ಕಾರವಾರ ಬಂದ ಮೇಲೆ ಊರೇ ಬಂದ ಹಾಗೆ. ಹದಿನಾಲ್ಕು ಗಂಟೆಯನ್ನು ಊರಿನ ಹೆಸರುಗಳು ತುಂಡು ತುಂಡಾಗಿ ಕತ್ತರಿಸಿ ನಿಮ್ಮ ಕೈಗೆ ಕೊಡುತ್ತಿದ್ದವು. ವಿಮಾನಕ್ಕೂ ಒಂದು ಕಾಲದಲ್ಲಿ ಈ ಸೌಕರ್ಯವಿತ್ತು. 1948ರ ಜೂನ್ 8ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಟ ಏರ್ ಇಂಡಿಯಾದ ‘ಮಲಬಾರ್ ಪ್ರಿನ್ಸೆಸ್’ ಕೈರೋದಲ್ಲಿ, ಜಿನೀವಾದಲ್ಲಿ ಇಳಿದು ಹೋಯಿತು. ಈಗಿನ ವಿಮಾನ ಹನ್ನೆರಡೂವರೆ ಸಾವಿರ ಕಿಲೋಮೀಟರನ್ನು ಒಂದೇ ಉಸಿರಿಗೆ ಹಾರುತ್ತದೆ. ಹಾಗಾಗಿ ಹಾಲ್ಟುಗಳನ್ನು ನೀವೇ ಇಟ್ಟುಕೊಳ್ಳಬೇಕು. ನನ್ನ ಸಲಹೆ ಇಷ್ಟೇ, ಉಳಿದದ್ದು ಅದರ ವಿವರ.

ಹಾಲ್ಟಿಗೆ ಬೇಕಾದದ್ದು ಸೀಟು. ಅಳಿಯನಿಗೆ ಇವತ್ತೇ ಫೋನ್ ಮಾಡಿ, ನಡೆದಾಡುವ ದಾರಿಯ ಪಕ್ಕದ ಸೀಟು, ಅಂದರೆ ಐಲ್ ಸೀಟು ಹಾಕಿಸಿ. ಕಿಟಕಿಯ ಆಸೆ ಬೇಡ. ಈ ವಿಮಾನಗಳು ಹೆಚ್ಚಾಗಿ ನಡುರಾತ್ರಿಯ ಆಚೀಚೆ ಹೊರಟು ಪಶ್ಚಿಮಕ್ಕೆ ಹಾರುವುದರಿಂದ ರಾತ್ರಿ ನಿಮ್ಮ ಜೊತೆಗೇ ಬರುತ್ತದೆ, ಹೊರಗೆ ಬಹಳ ಹೊತ್ತು ಕತ್ತಲೆಯೇ. ಕಿಟಕಿ ಪಕ್ಕ ಕೂತವರು ಏಳಬೇಕಾದರೆ ಇಬ್ಬರನ್ನು ಎಬ್ಬಿಸಬೇಕು. ಸಂಕೋಚಕ್ಕೆ ಏಳದೆ, ಏಳಬಾರದೆಂದು ನೀರೂ ಕುಡಿಯದೆ ಇಡೀ ದಾರಿ ಕಲ್ಲಿನಂತೆ ಕೂತು ಹೋದವರನ್ನು ಬಲ್ಲೆ. ವಿಮಾನದೊಳಗಿನ ಗಾಳಿ ಮುಂಬಯಿಯ ಗಾಳಿಯ ಹಾಗೆ ಅಂಟುವುದಿಲ್ಲ, ಒಣಗಿಸುತ್ತದೆ. ನೀರು ಕುಡಿಯಲೇಬೇಕು.

ಗಂಟೆ, ಒಂದೂವರೆ ಗಂಟೆಗೊಮ್ಮೆ ಬೆಲ್ಟಿನ ದೀಪ ಆರಿದ್ದಾಗ ಎದ್ದು ಹಿಂದಿನ ತುದಿಗೆ ನಡೆಯಿರಿ. ಅಲ್ಲಿ ಸಿಬ್ಬಂದಿಯ ಪ್ಯಾಂಟ್ರಿ ಇರುತ್ತದೆ. ‘ಪಾನಿ ಮಿಲೇಗಾ?’ ಎಂದು ನಿಮ್ಮ ಮುಂಬಯಿ ಹಿಂದಿಯಲ್ಲೇ ಕೇಳಿ, ಕೊಡುತ್ತಾರೆ. ಐದು ನಿಮಿಷ ನಿಂತು ಬನ್ನಿ. ನಿಂತೇ ಬದುಕಿದವರಿಗೆ ಆ ಐದು ನಿಮಿಷವೇ ದೊಡ್ಡ ಮನರಂಜನೆ. ಇದರಲ್ಲಿ ಆರೋಗ್ಯದ ಮಾತೂ ಇದೆ. ಗಲ್ಲಾದ ಹಿಂದೆ, ಭಟ್ಟಿಯ ಮುಂದೆ ದಶಕಗಟ್ಟಲೆ ನಿಂತವರ ಕಾಲಿನಲ್ಲಿ ನರ ಉಬ್ಬಿರುವುದು ಹೋಟೆಲಿನವರಿಗೆ ಹೊಸತಲ್ಲ. ನಾಲ್ಕು ಗಂಟೆಗಿಂತ ಹೆಚ್ಚು ಅಲ್ಲಾಡದೆ ಕೂತರೆ ಕಾಲಿನ ರಕ್ತ ಹೆಪ್ಪುಗಟ್ಟುವ ಅಪಾಯ ಯಾರಿಗಾದರೂ ಸ್ವಲ್ಪ ಹೆಚ್ಚುತ್ತದೆ, ಅಂಥ ಕಾಲಿನವರಿಗೆ ಇನ್ನೂ ಹೆಚ್ಚು. ಹೊರಡುವ ಮೊದಲು ನಿಮ್ಮ ಡಾಕ್ಟರಿಗೆ ಕಾಲು ತೋರಿಸಿ. ಬಿಗಿ ಸಾಕ್ಸ್ ಬೇಕೇ, ಬಿಪಿ ಮಾತ್ರೆಯಿದ್ದರೆ ಯಾವ ಹೊತ್ತಿಗೆ ಎಂದು ಕೇಳಿಕೊಳ್ಳಿ. ಮಾತ್ರೆ ಕೈಚೀಲದಲ್ಲೇ ಇರಲಿ. ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸುವುದು, ಪಾದ ತಿರುಗಿಸುವುದು ಆಗಾಗ ನಡೆಯುತ್ತಿರಲಿ.

ಪೆಗ್ಗಿನ ಸ್ನೇಹಿತನಿಗೆ ನನ್ನ ನಮಸ್ಕಾರ ಹೇಳಿ. ಕುಡಿದರೆ ನಿದ್ದೆ ಬೇಗ ಬರುತ್ತದೆ, ಬೇಗ ಮುರಿಯುತ್ತದೆ, ಆಮೇಲೆ ಒಣ ಗಂಟಲು, ತಲೆನೋವು, ಇನ್ನೂ ಹತ್ತು ಗಂಟೆ ದಾರಿ.

ಈಗ ಯಕ್ಷಗಾನಕ್ಕೆ ಬರೋಣ. ರಾತ್ರಿ ಊಟ ಮಾಡಿ ಗದ್ದೆಗೆ ಹೋಗಿ ಕೂತು, ಬೆಳಕು ಹರಿದ ಮೇಲೆ ಮನೆಗೆ ಬಂದ ಹುಡುಗ ನೀವು. ಬಯಲಾಟವನ್ನು ಇಡೀ ರಾತ್ರಿ ನೋಡಿದ ಜನಕ್ಕೆ ಹತ್ತು ನಿಮಿಷದ ವೀಡಿಯೊ ಅಭ್ಯಾಸವಾದದ್ದು ಫೋನು ಬಂದ ಮೇಲೆ. ವಿಮಾನಕ್ಕೆ ನಾನು ಹೇಳುವುದು ಆಟಕ್ಕಿಂತಲೂ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಕಣ್ಣು ಮುಚ್ಚಿಕೊಂಡೇ ಕೇಳಬಹುದು. ಒಂದು ಪ್ರಸಂಗ ಮೂರು ಗಂಟೆ, ನಾಲ್ಕು ಗಂಟೆ ನಡೆಯುತ್ತದೆ. ಮಳೆಗಾಲದಲ್ಲಿ ಊರಿನ ಅರ್ಥಧಾರಿಗಳು ಮುಂಬಯಿಗೆ ಬಂದು ಕೂಟ ನಡೆಸುವಾಗ ನೀವೂ ಹೋಗಿ ಕೂತಿರುತ್ತೀರಿ. ಅಲ್ಲಿ ಗಡಿಯಾರ ನೋಡಿದ್ದೀರಾ? ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ ವಾದಕ್ಕೆ ಕೂತರೆ ರಾಮನಿಗೇ ಬಿಡುಗಡೆಯಿರಲಿಲ್ಲ, ಕೇಳುಗನಿಗೆಲ್ಲಿ! ಅಂಥ ನಾಲ್ಕು ಪ್ರಸಂಗ ಫೋನಿನಲ್ಲಿದ್ದರೆ ಲೆಕ್ಕಕ್ಕೆ ನ್ಯೂಜೆರ್ಸಿ ತಲುಪಿದಂತೆಯೇ.

ಆದರೆ ನೆಟ್ ಇಲ್ಲದಾಗ ಓಡುವಂತೆ ಅವುಗಳನ್ನು ಮೊದಲೇ ಡೌನ್‌ಲೋಡ್ ಮಾಡಿಸಬೇಕು. ಪಕ್ಕದ ಮನೆಯ ಹುಡುಗರು ಯಾರಾದರೂ ಮಾಡಿಕೊಡುತ್ತಾರೆ. ಆಮೇಲೆ ಪರೀಕ್ಷೆ ಹೀಗೆ: ಮನೆಯಲ್ಲಿ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ವೈಫೈಯನ್ನೂ ಆರಿಸಿ, ಪ್ರಸಂಗ ಹಚ್ಚಿ. ಭಾಗವತರ ದನಿ ಬಂತೋ, ಇದೆ. ಗುಂಡಗೆ ಚಕ್ರ ತಿರುಗುತ್ತ ಕೂತಿತೋ, ಇಲ್ಲ, ಹುಡುಗನನ್ನು ಮತ್ತೆ ಕರೆಯಿರಿ. ಕಿವಿಗೆ ಹಾಕುವ ಬ್ಲೂಟೂತ್ ಕಡ್ಡಿಗಳ ಚಾರ್ಜು ಹದಿನಾರು ಗಂಟೆ ಬಾಳುವುದಿಲ್ಲ. ನಿಮ್ಮ ಫೋನಿಗೆ ಹೊಂದುವ ವೈರಿನ ಇಯರ್‌ಫೋನ್ ಒಂದು ಜೊತೆಗಿರಲಿ. ಪವರ್‌ಬ್ಯಾಂಕನ್ನು ದೊಡ್ಡ ಪೆಟ್ಟಿಗೆಗೆ ಹಾಕುವಂತಿಲ್ಲ, ಕೈಚೀಲದಲ್ಲೇ ಒಯ್ಯಬೇಕು. ವಿಮಾನದೊಳಗೆ ಅದನ್ನು ಬಳಸಬಹುದೇ ಎಂದು ಸಿಬ್ಬಂದಿಯನ್ನು ಕೇಳಿಯೇ ತೆಗೆಯಿರಿ. ಇನ್ನು ಚೆಂಡೆ ಜೋರಾದಾಗ ದನಿ ತಗ್ಗಿಸಿ, ಪಕ್ಕದವರಿಗೆ ಅದು ಬರೀ ಟಕಟಕ.

ಕೇಳಿ ಕಿವಿ ದಣಿದಾಗ ಕೈಗೆ ಕೆಲಸ ಬೇಕು. ನಿಮ್ಮ ಚಡಪಡಿಕೆಯ ಬೇರು ನನಗೆ ಕಾಣುವುದು ಇಲ್ಲೇ. ಹೊತ್ತು ಹೋಗುವುದಿಲ್ಲ ಅನ್ನುತ್ತೀರಿ, ಆದರೆ ನಿಮ್ಮನ್ನು ಕಾಡುತ್ತಿರುವುದು ಯಾರಿಗೂ ಉಪಯೋಗವಿಲ್ಲದೆ ಕೂತಿರುವ ಭಾವನೆ. ಹೋಟೆಲು ಬಿಟ್ಟುಕೊಟ್ಟ ಮೇಲೆ ಅದು ಮನೆಯಲ್ಲೂ ಕಾಡುತ್ತಿರಬಹುದು, ವಿಮಾನ ಒಂದು ನೆಪ. ಹಾಗಾಗಿ ನಿಮಗೆ ನಾನು ಪದಬಂಧ, ಇಸ್ಪೀಟಿನ ಆ್ಯಪು ಹೇಳುವುದಿಲ್ಲ. ಒಂದು ನೋಟ್‌ಬುಕ್ಕು, ಎರಡು ಪೆನ್ನು ಇಟ್ಟುಕೊಳ್ಳಿ. ನಿಮ್ಮ ಹೋಟೆಲಿನ ಸಾಂಬಾರು, ಗೋಳಿಬಜೆ, ಇಡ್ಲಿ ಹಿಟ್ಟು ಎಲ್ಲದರ ಅಳತೆ ನಿಮ್ಮ ತಲೆಯಲ್ಲಿರುವುದು ಡಬ್ಬ, ಪಾತ್ರೆ, ಕಿಲೋ ಲೆಕ್ಕದಲ್ಲಿ. ಅದನ್ನು ಮಗಳ ಮನೆಯ ಮೂರು ಜನಕ್ಕೆ ಇಳಿಸಿ ಬರೆಯಿರಿ. ಮುನ್ನೂರು ಪ್ಲೇಟಿನ ಉದ್ದನ್ನು ಒಂದು ಲೋಟಕ್ಕೆ ತರುವುದು ಸುಲಭದ ಗಣಿತವಲ್ಲ. ಉಪ್ಪು, ಮೆಣಸು, ಹುಳಿ ಬರೀ ಭಾಗಾಕಾರಕ್ಕೆ ಸಿಗುವುದಿಲ್ಲವೆಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಒಂದೊಂದು ತಿಂಡಿಗೆ ಅರ್ಧ ಗಂಟೆಯಂತೂ ಹಿಡಿಯುತ್ತದೆ.

ಅಷ್ಟರಲ್ಲಿ ಊಟದ ಟ್ರೇ ಬರುತ್ತದೆ. ಅದನ್ನು ಗಲ್ಲಾದವರ ಕಣ್ಣಿನಿಂದ ನೋಡಿ. ನೆಲದ ಮೇಲಿನ ಅಡುಗೆಮನೆಯಲ್ಲಿ ಬೇಯಿಸಿ, ತಂಪು ಮಾಡಿ, ಪೊಟ್ಟಣ ಕಟ್ಟಿ, ಮೇಲೆ ಓವನಿನಲ್ಲಿ ಬಿಸಿ ಮಾಡಿ ಇನ್ನೂರು ಮುನ್ನೂರು ಜನಕ್ಕೆ ಒಂದೇ ಹೊತ್ತಿಗೆ ಬಡಿಸುವುದೆಂದರೆ ತಮಾಷೆಯಲ್ಲ. ಸಪ್ಪೆ ಎನ್ನಿಸಿದರೆ ಅಡುಗೆಯವನನ್ನು ಪೂರ್ತಿ ಬೈಯಬೇಡಿ. ವಿಮಾನದೊಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟು. ಆ ಒತ್ತಡದಲ್ಲಿ, ಒಣ ಗಾಳಿಯಲ್ಲಿ ಉಪ್ಪು, ಸಿಹಿ ನಾಲಗೆಗೆ ಕಡಿಮೆ ಹತ್ತುತ್ತವೆ ಎಂದು ಲುಫ್ತಾನ್ಸಾಕ್ಕಾಗಿ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ ನಡೆಸಿದ ಪರೀಕ್ಷೆಯಲ್ಲಿ ಕಂಡುಬಂತು. ಇನ್ನೊಂದು ಮಾತು: ಸಸ್ಯಾಹಾರ ಬೇಕಿದ್ದರೆ ‘ಏಷ್ಯನ್ ವೆಜಿಟೇರಿಯನ್’ ಎಂದು ಬರೆಸಿ. ‘ಹಿಂದೂ ಮೀಲ್’ ಎಂಬ ಹೆಸರು ನೋಡಿ ಮೋಸ ಹೋಗುವವರಿದ್ದಾರೆ, ಅದರಲ್ಲಿ ಸಾಮಾನ್ಯವಾಗಿ ಮಾಂಸ ಇರುತ್ತದೆ. ನಿಮಗೆ ಅದೇ ಬೇಕಾಗಿದ್ದರೆ ಬೇರೆ ಮಾತು.

ಮುಂದಿನ ಸೀಟಿನ ಬೆನ್ನಿಗಿರುವ ಪರದೆಯಲ್ಲಿ ಕನ್ನಡ ಚಿತ್ರ ಸಿಕ್ಕಿದರೆ ಲಾಭ, ಅದನ್ನು ನೆಚ್ಚಿ ಹೊರಡಬೇಡಿ. ಅದರಲ್ಲಿ ನಕ್ಷೆ ಇರುತ್ತದೆ, ಅದು ನಿಮಗೆ ಹಿಡಿಸಬಹುದು, ಯಾವ ಸಮುದ್ರ, ಯಾವ ದೇಶ ಎಂದು ತೋರಿಸುತ್ತದೆ. ಹಾಲ್ಟಿಗೆ ಎದ್ದಾಗೊಮ್ಮೆ ನೋಡಿ ಸಾಕು. ಸದಾ ಹಾಕಿಟ್ಟರೆ ‘ಇನ್ನು ಒಂಬತ್ತು ಗಂಟೆ’ ಎಂಬ ಅಂಕಿಯೇ ಕಣ್ಣಿಗೆ ರಾಚುತ್ತದೆ, ನಿಮ್ಮಂಥವರಿಗೆ ಅದು ವಿಷ. ಕೈಗಡಿಯಾರವನ್ನಂತೂ ಹತ್ತಿದ ಕೂಡಲೇ ನ್ಯೂಜೆರ್ಸಿಯ ಹೊತ್ತಿಗೆ ತಿರುಗಿಸಿಬಿಡಿ. ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹತ್ತೂವರೆ. ಬೇಸಿಗೆಯಲ್ಲಿ ಇಲ್ಲಿ ರಾತ್ರಿ ಎರಡಕ್ಕೆ ಹೊರಟರೆ ಅಲ್ಲಿ ಹಿಂದಿನ ದಿನದ ಸಂಜೆ ನಾಲ್ಕೂವರೆ, ಇಳಿಯುವಾಗ ಬೆಳಿಗ್ಗೆ ಎಂಟೂವರೆ. ಅಲ್ಲಿನ ರಾತ್ರಿಯ ಹೊತ್ತಿನಲ್ಲಿ ದೀಪ ಆರಿಸಿ ಮಲಗಲು ನೋಡಿ. ನಿದ್ದೆ ಬರದಿದ್ದರೂ ಕಣ್ಣು ಮುಚ್ಚಿ ವಾಲಿಯ ಮಾತು ಕೇಳುತ್ತಿರಿ.

ವೀಲ್‌ಚೇರ್ ಬಗ್ಗೆ ನನ್ನ ಅಭಿಪ್ರಾಯ ಹಲವರಿಗೆ ಹಿಡಿಸುವುದಿಲ್ಲ. ಭಾಷೆಯ ಹೆದರಿಕೆಗೆಂದು ಗಟ್ಟಿಮುಟ್ಟಾದವರು ಅದರಲ್ಲಿ ಕೂತರೆ ನಿಜವಾಗಿ ನಡೆಯಲಾರದವರು ಕಾಯಬೇಕಾಗುತ್ತದೆ. ನಿಮಗಂತೂ ಅದು ಇನ್ನೂ ಒಂದು ಗಂಟೆ ಕೂರುವ ಶಿಕ್ಷೆ. ಮೂರು ಗಂಟೆ ಮೊದಲೇ ಟರ್ಮಿನಲ್ 2ಕ್ಕೆ ಹೋಗಿ. ತಪಾಸಣೆ ಮುಗಿದ ಮೇಲೆ ಕುರ್ಚಿ ಹಿಡಿಯದೆ ಓಡಾಡಿ. ಅಲ್ಲಿ ಗೋಡೆಗಳ ಉದ್ದಕ್ಕೂ ‘ಜಯ ಹೇ’ ಎಂಬ ಕಲಾ ಸಂಗ್ರಹವಿದೆ, ಹಳೆಯ ಬಾಗಿಲು, ಕಂಬ, ಮೂರ್ತಿ, ಚಿತ್ರ ಸಾವಿರಾರು. ಕಾಲು ದಣಿಸಿಕೊಂಡು ಹತ್ತಿದರೆ ಮೊದಲ ಮೂರು ಗಂಟೆ ಕೂರುವುದು ಕಷ್ಟವಾಗುವುದಿಲ್ಲ. ಅಲ್ಲಿ ಇಳಿದಾಗ ಹೇಳಬೇಕಾದದ್ದನ್ನು, ಮಗಳ ವಿಳಾಸ, ಫೋನ್ ನಂಬರು, ಎಷ್ಟು ದಿನ ಇರುತ್ತೀರಿ ಎಂಬುದನ್ನು ಇಂಗ್ಲಿಷಿನಲ್ಲಿ ಒಂದು ಕಾಗದದಲ್ಲಿ ಬರೆಸಿ ಪಾಸ್‌ಪೋರ್ಟಿನ ಜೊತೆ ಇಟ್ಟುಕೊಳ್ಳಿ.

ಒಂದು ಎಚ್ಚರಿಕೆ ಮಾತ್ರ ಬಿಡಬಾರದು. ಲಿಫ್ಟಿನಲ್ಲಿ, ಮುಚ್ಚಿದ ಕೋಣೆಯಲ್ಲಿ ಎದೆ ಹೊಡೆದುಕೊಳ್ಳುವುದು, ಉಸಿರು ಕಟ್ಟಿದಂತಾಗುವುದು ನಿಮಗಿದ್ದರೆ ಇದು ಹೊತ್ತು ಕಳೆಯುವ ಪ್ರಶ್ನೆಯಲ್ಲ, ಹೊರಡುವ ಮೊದಲೇ ಮನೋವೈದ್ಯರನ್ನು ಕಾಣಿ, ಅದಕ್ಕೆ ಚಿಕಿತ್ಸೆಯಿದೆ. ಪತ್ರದಲ್ಲಿ ಹಾಗೆ ಬರೆದಿಲ್ಲ, ಆದ್ದರಿಂದ ಇಲ್ಲವೆಂದೇ ತಿಳಿಯುತ್ತೇನೆ.

ಸೀಟು ಮತ್ತು ಊಟದ ವಿಷಯ ಅಳಿಯನಿಗೆ ಇವತ್ತೇ ಹೇಳಿ. ಕೊನೆಯ ದಿನಕ್ಕೆ ಬಿಟ್ಟರೆ ಉಳಿಯುವುದು ನಡುವಿನ ಸೀಟು.