ಅಡಿಗೆಮನೆಗೂ ಒಂದು ಕಳೆ ಲೆಕ್ಕ

ಭತ್ತದ ಕಳೆ ಯಾವಾಗ ತೆಗೀಬೇಕು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾಟಿಯಾಗಿ 20 ದಿನಕ್ಕೆ ಒಂದು ಸಲ, 40 ದಿನಕ್ಕೆ ಇನ್ನೊಂದು ಸಲ ಕೈಯಾಡಿಸಿದರೆ ಕೆಲಸ ಹಗುರ. ಕಳೆ ಹೂವಾಗಿ ಬೀಜ ಉದುರಿಸಿದ ಮೇಲೆ ಕಿತ್ತರೆ ಆಳು ಜಾಸ್ತಿ, ಫಲ ಕಡಿಮೆ. ರೇಷ್ಮೆ ಹುಳು ಮನೆಗೂ ಅಷ್ಟೆ. ಗೂಡು ಬಿಡಿಸಿದ ಕೂಡಲೆ ತಟ್ಟೆ, ಚಂದ್ರಿಕೆ ತೊಳೆದು, ಬ್ಲೀಚಿಂಗ್ ಪುಡಿ ನೀರು ಹೊಡೆದು ಸೋಂಕು ತೆಗೆದ ಮೇಲೇ ಮುಂದಿನ ಬೆಳೆಯ ಮಾತು.

ಅಡಿಗೆಮನೆ ವಿಷಯ ಬಂದರೆ ಮಾತ್ರ ಈ ಲೆಕ್ಕ ಮರೆತುಹೋಗುತ್ತೆ. ಯುಗಾದಿಗೊಮ್ಮೆ, ಗೌರಿ ಹಬ್ಬಕ್ಕೊಮ್ಮೆ ಅಟ್ಟದ ಪಾತ್ರೆಯೆಲ್ಲ ಇಳಿಸಿ, ಮಸಿ ಗುಡಿಸಿ, ಸುಣ್ಣ ಬಳಿದು, ಸೊಂಟ ಹಿಡ್ಕೊಂಡು ಕೂರ್ತೀವಿ. ಹಬ್ಬ ಕಳೆದ ಮಾರನೇ ತಿಂಗಳು ಜಿರಲೆ ಮತ್ತೆ ಹಾಜರು. ಕೆಲಸ ಕಡಿಮೆಯಾಗಿದ್ದಕ್ಕಲ್ಲ, ಹೊತ್ತು ತಪ್ಪಿದ್ದಕ್ಕೆ.

ಅಡಿಗೆಮನೆಯ ಒಂದೊಂದು ಕೊಳೆಗೂ ಅದರದೇ ವಾಯಿದೆ ಇದೆ. ಒಂದಕ್ಕೆ ರಾತ್ರಿ ಕಳೆದರೆ ಸಾಕು, ಒಂದಕ್ಕೆ ವಾರ ಬೇಕು, ಇನ್ನೊಂದಕ್ಕೆ ತಿಂಗಳು. ಆ ವಾಯಿದೆ ತುಂಬುವುದರೊಳಗೆ ನಮ್ಮ ಕೈ ಅಲ್ಲಿ ಬಿದ್ದರೆ ಸಾಕು, ದಿನವಿಡೀ ತಿಕ್ಕುತ್ತಾ ಕೂರಬೇಕಾಗಿಲ್ಲ. ಮದ್ದೂರು ತಾಲ್ಲೂಕು ಸೋಮನಹಳ್ಳಿಯ ನಮ್ಮ ಮನೆಯಲ್ಲಿ ನಡೆಸಿಕೊಂಡು ಬಂದಿರುವ ಕ್ರಮ ಇದು. ಒಂದು ಮೂಲೆಗೆ ಸೌದೆ ಒಲೆ, ಇನ್ನೊಂದು ಕಡೆ ಗ್ಯಾಸು, ಕೊಟ್ಟಿಗೆಯಲ್ಲಿ ಎರಡು ಸೀಮೆ ಹಸು, ಉಣ್ಣುವವರು ಐದು ಜನ.

ರಾತ್ರಿಯ ವಾಯಿದೆ

ಬಿಸಿ, ತೇವ, ಅನ್ನ ಮೂರೂ ಸಿಕ್ಕಿದರೆ ಸೂಕ್ಷ್ಮಾಣುಗಳು ಸುಮಾರು 20 ನಿಮಿಷಕ್ಕೆ ಎರಡರಷ್ಟು ಆಗಬಲ್ಲವು. ರಾತ್ರಿ ಹತ್ತಕ್ಕೆ ಮುಸುರೆ ಪಾತ್ರೆಯಲ್ಲಿ ಒಂದೇ ಒಂದು ಇತ್ತು ಅನ್ನಿ. ಬೆಳಗಿನ ಐದು ಗಂಟೆಗೆ 21 ಸಲ ದುಪ್ಪಟ್ಟಾಗಿ 20 ಲಕ್ಷ ದಾಟುತ್ತೆ. ಹಾಗಾಗಿ ದಿನದ ಕೆಲಸದಲ್ಲಿ ಬಿಡಲೇಬಾರದ್ದು ರಾತ್ರಿಯದು. ಬೆಳಿಗ್ಗೆ ಒಂದು ಗಂಟೆ ತಿಕ್ಕುವ ಬದಲು ರಾತ್ರಿ 25 ನಿಮಿಷ ಸಾಕು.

ಊಟವಾದ ಕೂಡಲೆ ಹಿಟ್ಟಿನ ಪಾತ್ರೆಗೆ ನೀರು ಬಿಡಬೇಕು. ಮುದ್ದೆಯ ಹಿಟ್ಟು ಒಣಗಿ ಹಕ್ಕಳೆ ಕಟ್ಟಿದರೆ ಎರಡರಷ್ಟು ಕೆಲಸ. ಒಲೆ ಬೂದಿಯನ್ನು ಜರಡಿ ಹಿಡಿದು ಒಂದು ಡಬ್ಬಿಯಲ್ಲಿಟ್ಟರೆ ಜಿಡ್ಡು ತೆಗೆಯೋಕೆ ಇವತ್ತಿಗೂ ಅದೇ ಒಳ್ಳೇದು. ತೊಳೆದ ಪಾತ್ರೆ ಬೋರಲು ಹಾಕಿ. ಒಲೆಕಟ್ಟೆ, ಗ್ಯಾಸ್ ಕಟ್ಟೆ ಒರೆಸಿ, ನೆಲ ಗುಡಿಸಿ, ಕಸವನ್ನು ಹೊರಗೆ ಹಾಕಿಯೇ ಮಲಗಬೇಕು.

ಪಾತ್ರೆ ತಿಕ್ಕುವ ನಾರು ಮತ್ತು ಮಸಿಬಟ್ಟೆ, ಈ ಎರಡನ್ನು ಯಾರೂ ಗಮನಿಸಲ್ಲ. ದಿನವಿಡೀ ಒದ್ದೆಯಾಗಿರೋದರಿಂದ ಅಡಿಗೆಮನೆಯಲ್ಲಿ ಅತಿ ಕೊಳಕು ಅವೇ. ಮಸಿಬಟ್ಟೆ ಮೂರಿರಲಿ. ದಿನಕ್ಕೊಂದು ಬದಲಾಯಿಸಿ ಸೋಪು ಹಾಕಿ ಒಗೆದು ಬಿಸಿಲಿಗೆ ಹಾಕಿ. ನಾರನ್ನೂ ಹಿಂಡಿ ಬಿಸಿಲಿಗಿಡಿ. ತೆಂಗಿನ ನಾರು ನಮ್ಮ ಹಿತ್ತಲಲ್ಲೇ ಸಿಗುತ್ತೆ, ವಾರಕ್ಕೊಮ್ಮೆ ಹೊಸದು ತಗೊಳ್ಳೋಕೆ ಜಿಪುಣತನ ಯಾಕೆ?

ಉಳಿದ ಅನ್ನದ ಮಾತೂ ಹೇಳಬೇಕು. ರಾತ್ರಿಯೆಲ್ಲ ಕಟ್ಟೆ ಮೇಲಿದ್ದ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡೋದು ನಮ್ಮ ಕಡೆ ರೂಢಿ. ಅನ್ನದಲ್ಲಿ ಬೆಳೆಯುವ ಕೆಲವು ಸೂಕ್ಷ್ಮಾಣುಗಳು ಬಿಡುವ ವಿಷ ಒಗ್ಗರಣೆಯ ಬಿಸಿಗೆ ಜಗ್ಗಲ್ಲ. ಮಕ್ಕಳಿಗೆ ವಾಂತಿ ಬಂದಾಗ 'ದೃಷ್ಟಿ ಆಯ್ತು' ಅಂತೀವಿ. ಮಾಡಿದ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹೋಗದ ಅನ್ನವನ್ನು ಬೆಳಿಗ್ಗೆಗೆ ಇಟ್ಟುಕೊಳ್ಳದೇ ಇರೋದು ವಾಸಿ. ಅಳತೆ ನೋಡಿ ಅಕ್ಕಿ ಹಾಕಿದರೆ ಉಳಿಯೋದೂ ಕಡಿಮೆ. ಉಳಿದದ್ದು ಕಲಗಚ್ಚಿಗೆ ಹೋಗಲಿ, ಆದರೆ ಒಂದೆರಡು ಹಿಡಿ ಮಾತ್ರ. ಹಬ್ಬದ ಅನ್ನವನ್ನೆಲ್ಲ ಒಂದೇ ಸಲ ಹಸುವಿಗೆ ಸುರಿದರೆ ಅದರ ಹೊಟ್ಟೆ ಹುಳಿಯಾಗಿ ಜೀವಕ್ಕೇ ಬರುತ್ತೆ. ಕಲಗಚ್ಚಿನ ಬಾನಿ ಅಡಿಗೆಮನೆಯ ಹೊರಗಿರಲಿ, ಎರಡು ಹೊತ್ತೂ ಖಾಲಿಯಾಗಲಿ.

ಹಾಲಿನ ಪಾತ್ರೆ: ದಿನಕ್ಕೆರಡು ಸಲ

ನಮ್ಮ ಜಿಲ್ಲೆಯ ಒಕ್ಕೂಟದ ಡೈರಿ ಇರೋದು ನಮ್ಮದೇ ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ. ಸಂಘಕ್ಕೆ ಹಾಕಿದ ಹಾಲು ಅಲ್ಲಿ ತಣ್ಣಗಾಗುವ ತನಕ ಹೊತ್ತು ಹಿಡಿಯುತ್ತೆ. ಕ್ಯಾನಿನ ಮೂಲೆಯಲ್ಲಿ ನಿನ್ನೆಯ ಹಾಲಿನ ಪಸೆ ಇದ್ದರೆ ಇವತ್ತಿನ ಹಾಲಿಗೆ ಹೆಪ್ಪು ಹಾಕಿದ ಹಾಗೆ. ಹಿಂಡಿ, ಬೂಸಾ, ದುಡಿಮೆ ಎಲ್ಲ ಸರಿಯಿದ್ದೂ ಹಾಲು ವಾಪಸ್ ಬಂದರೆ ನಷ್ಟ ಯಾರಿಗೆ?

ತೊಳೆಯೋಕೂ ಕ್ರಮ ಉಂಟು. ಮೊದಲು ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರಿನಲ್ಲಿ ಹಾಲಿನ ಪಸೆ ಹೋಗೋವರೆಗೆ ಜಾಲಿಸಬೇಕು. ಮೊದಲೇ ಕುದಿನೀರು ಸುರಿದರೆ ಹಾಲಿನ ಸತ್ವ ಗಟ್ಟಿಯಾಗಿ ಪಾತ್ರೆಗೆ ಅಂಟಿಕೊಳ್ಳುತ್ತೆ. ಆಮೇಲೆ ವಾಷಿಂಗ್ ಸೋಡಾ ಹಾಕಿದ ಬಿಸಿನೀರಿನಲ್ಲಿ ಬ್ರಷ್ಷಿನಿಂದ ತಿಕ್ಕಿ. ಕಡೆಗೆ ಕುದಿನೀರಿನಲ್ಲಿ ಜಾಲಿಸಿ, ಬಿಸಿಲಲ್ಲಿ ಬೋರಲು ಹಾಕಿ. ಬಟ್ಟೆಯಲ್ಲಿ ಒರೆಸಬೇಡಿ, ಒರೆಸಿದರೆ ಬಟ್ಟೆಯ ಕೊಳೆ ಕ್ಯಾನಿಗೆ. ಸೋಸುವ ಬಟ್ಟೆಯನ್ನು ದಿನಾ ಕುದಿಸಿ ಒಣಗಿಸಬೇಕು.

ಮೂರು ದಿನ, ಏಳು ದಿನ

ಬೇಸಿಗೆಯಲ್ಲಿ ನೊಣ ಮೊಟ್ಟೆಯಿಂದ ರೆಕ್ಕೆ ಬರೋಕೆ 7ರಿಂದ 10 ದಿನ. ಮೊಟ್ಟೆ ಒಂದೇ ದಿನದಲ್ಲಿ ಒಡೆದು ಹುಳುವಾಗಿ ನಾಲ್ಕೈದು ದಿನ ಸಗಣಿ, ಕಸದಲ್ಲಿ ಬೆಳೆಯುತ್ತೆ. ಕೊಟ್ಟಿಗೆಯ ಮೂಲೆ, ಹಿತ್ತಲಿನ ಕಸದ ಗುಂಡಿಯನ್ನು ಮೂರು ದಿನಕ್ಕೊಮ್ಮೆ ಎತ್ತಿ ದೂರದ ತಿಪ್ಪೆಗೆ ಹಾಕಿ ಮೇಲೆ ಮಣ್ಣೆಳೆದರೆ ನೊಣ ಹುಟ್ಟೋದೇ ನಿಲ್ಲುತ್ತೆ. ಬರೀ ಅಡಿಗೆಮನೆಯಲ್ಲಿ ಓಡಿಸಿ ಪ್ರಯೋಜನವಿಲ್ಲ.

ಸೊಳ್ಳೆಗೂ ಹೆಚ್ಚುಕಡಿಮೆ ಅಷ್ಟೇ ದಿನ ಬೇಕು. ನೀರು ಯಾವಾಗ ಬರುತ್ತೋ ಅಂತ ನಾವೆಲ್ಲ ಡ್ರಮ್ಮು, ತೊಟ್ಟಿ ತುಂಬಿಸಿಡ್ತೀವಿ. ವಾರಕ್ಕೊಂದು ದಿನ ಗೊತ್ತುಮಾಡಿ ಖಾಲಿ ಮಾಡಿ. ನೀರು ಚೆಲ್ಲಿದರೆ ಸಾಲದು, ಒಳಗೋಡೆಯನ್ನು ನಾರಿನಿಂದ ಉಜ್ಜಬೇಕು. ಡೆಂಗಿ ತರುವ ಸೊಳ್ಳೆಯ ಮೊಟ್ಟೆ ಗೋಡೆಗೆ ಅಂಟಿಕೊಂಡು ಒಣಗಿಯೂ ತಿಂಗಳುಗಟ್ಟಲೆ ಬದುಕಿರುತ್ತೆ, ನೀರು ಬಿದ್ದರೆ ಒಡೆಯುತ್ತೆ.

ಕುಡಿಯುವ ನೀರಿನ ಪಾತ್ರೆಗೆ ಮುಚ್ಚಳ, ಉದ್ದ ಹಿಡಿಯ ಸೌಟು ಇರಲಿ. ಲೋಟದ ಜತೆ ಬೆರಳು ಮುಳುಗಿದರೆ ಕಾಯಿಸಿದ್ದೂ ದಂಡ. ಕ್ಲೋರಿನ್ ಮಾತ್ರೆ ಹಾಕಿದರೆ ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಬಚ್ಚಲ ನೀರು ನಿಲ್ಲದೆ ಬಾಳೆ, ತೆಂಗಿನ ಬುಡಕ್ಕೆ ಹರಿಯಲಿ.

ತಿಂಗಳ ವಾಯಿದೆ

ಸಣ್ಣ ಕಂದು ಜಿರಲೆ ಒಂದು ಚೀಲದಲ್ಲಿ 30-40 ಮೊಟ್ಟೆ ಹೊತ್ತಿರುತ್ತೆ, ಮರಿಯಾಗೋಕೆ ಸುಮಾರು ನಾಲ್ಕು ವಾರ. ಇವತ್ತು ಔಷಧ ಇಟ್ಟರೆ ಓಡಾಡುವುವು ಸಾಯುತ್ತವೆ, ಚೀಲದೊಳಗಿನವು ಸಾಯಲ್ಲ. ಅದಕ್ಕೇ ತಿಂಗಳಿಗೆ ಸರಿಯಾಗಿ ಇನ್ನೊಂದು ಸಲ. ಬೋರಿಕ್ ಪುಡಿ, ಸಕ್ಕರೆ, ಗೋಧಿಹಿಟ್ಟು ಸಮಸಮ ಕಲಸಿ ಕಡಲೆಕಾಳಿನ ಗಾತ್ರ ಉಂಡೆ ಮಾಡಿ, ಗ್ಯಾಸ್ ಕಟ್ಟೆಯ ಕೆಳಗೆ, ಡಬ್ಬಿಗಳ ಹಿಂದೆ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ರಾತ್ರಿ ಎಂಜಲು ಪಾತ್ರೆ ಬಿಟ್ಟಿದ್ದರೆ ಜಿರಲೆ ಈ ಉಂಡೆ ಮುಟ್ಟೋದಿಲ್ಲ ಅನ್ನೋದು ನೆನಪಿರಲಿ.

ಅಕ್ಕಿ ಹುಳ, ಕಾಳಿನ ಹುಳಕ್ಕೂ ಒಂದು ತಲೆಮಾರಿಗೆ ಸುಮಾರು ತಿಂಗಳು. ತಿಂಗಳಿಗೊಮ್ಮೆ ಅವರೆ, ತೊಗರಿ, ಹುರುಳಿ ಮೊರಕ್ಕೆ ಹಾಕಿ ಕೇರಿ ಬಿಸಿಲು ಕಾಣಿಸಿ. ಡಬ್ಬಿ ತಳದ ಹಳೇ ಪುಡಿ ಕೊಡವಿ ಒಣಗಿಸದೆ ಹೊಸ ಕಾಳು ಸುರಿಯಬೇಡಿ, ಹುಳದ ಬೀಜ ಇರೋದೇ ಅಲ್ಲಿ. ಆಲೆಮನೆಯಿಂದ ತಂದ ಬೆಲ್ಲ ಮಳೆಗಾಲದಲ್ಲಿ ಜಿನುಗಿ ಇರುವೆ ಕರೆಯುತ್ತೆ, ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ತಿಂಗಳ ದಿನವೇ ಗ್ಯಾಸ್ ಪೈಪನ್ನೂ ಮುಟ್ಟಿ ನೋಡಿ. ಇಲಿ ಕಡಿದ ಗುರುತಿದೆಯೋ, ಪೈಪಿನ ಮೇಲೆ ಅಚ್ಚಾದ ವಾಯಿದೆ ಮೀರಿದೆಯೋ ಗೊತ್ತಾಗುತ್ತೆ.

ಇಲಿಗೆ ತೂತು ಮುಚ್ಚೋದೇ ಮದ್ದು. ಸುಂಡಿಲಿಗೆ ಪೆನ್ಸಿಲ್ ದಪ್ಪದ ಕಿಂಡಿ ಸಾಕು. ಕಬ್ಬು, ಭತ್ತ ಕಟಾವಾದ ಮೇಲೆ ಗದ್ದೆ ಇಲಿಗಳು ಮನೆ ಕಡೆ ತಿರುಗುತ್ತವೆ, ಆಗ ಜೋಪಾನ ಜಾಸ್ತಿ ಬೇಕು. ಇಲಿ ಜ್ವರ ಅದರ ಉಚ್ಚೆಯಿಂದ ಬರೋದು. ಗದ್ದೆ ಕೆಸರಿನಲ್ಲಿ ದುಡಿದು ಕೈಕಾಲು ಒಡೆದಿರುವ ನಮಗೆ ಅದರ ಭಯ ಹೆಚ್ಚು.

ವಾಯಿದೆಯೇ ಇಲ್ಲದ ಕೊಳೆ

ಮೇಲಿನದಕ್ಕೆಲ್ಲ ದಿನದ ಲೆಕ್ಕ ಇದೆ. ಕೀಟನಾಶಕಕ್ಕೆ ಇಲ್ಲ. ಅದು ಒಂದು ಗಳಿಗೆಯೂ ಅಡಿಗೆಮನೆಗೆ ಬರಬಾರದು. ಅಟ್ಟದ ಮೇಲೆ ಎಣ್ಣೆ ಡಬ್ಬಿ ಪಕ್ಕ ಔಷಧದ ಬಾಟ್ಲಿ, ಮಜ್ಜಿಗೆ ಚೊಂಬಲ್ಲೇ ಔಷಧದ ಅಳತೆ, ಖಾಲಿ ಡಬ್ಬಿ ತೊಳೆದು ಸೀಮೆಎಣ್ಣೆಗೋ ಉಪ್ಪಿಗೋ ಇಟ್ಕೊಳ್ಳೋದು, ಇವೆಲ್ಲ ನಮ್ಮ ಹಳ್ಳಿಗಳಲ್ಲಿ ಇನ್ನೂ ಕಾಣಸಿಗುತ್ತೆ.

2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಒಂದು ಹಳ್ಳಿ ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಸತ್ತರು. ಅಡಿಗೆಗೆ ಬಳಸಿದ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಇದ್ದದ್ದು ಪರೀಕ್ಷೆಯಲ್ಲಿ ಗೊತ್ತಾಯಿತು. ಅಲ್ಲಿ ಪಾತ್ರೆ ತೊಳೆದಿದ್ದರೋ ಇಲ್ಲವೋ ಅನ್ನೋದು ಪ್ರಶ್ನೆಯೇ ಅಲ್ಲ.

ಔಷಧ, ಅದರ ಅಳತೆ ಲೋಟ, ಪಂಪು ಮೂರೂ ಕೊಟ್ಟಿಗೆಯಿಂದಾಚೆ ಬೀಗದ ಪೆಟ್ಟಿಗೆಯಲ್ಲಿರಲಿ. ಖಾಲಿ ಬಾಟ್ಲಿಯನ್ನು ಮೂರು ಸಲ ಜಾಲಿಸಿ ಆ ನೀರನ್ನು ಪಂಪಿಗೇ ಹಾಕಿ, ಬಾಟ್ಲಿ ತೂತು ಮಾಡಿಬಿಡಿ. ಹೊಡೆದು ಬಂದವರು ಸ್ನಾನ ಮಾಡಿ ಬಟ್ಟೆ ಬದಲಾಯಿಸಿಯೇ ಒಳಗೆ ಬರಬೇಕು. ಕಾಳಿಗೆ ಇಡುವ ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆಯನ್ನಂತೂ ಮನೆಯೊಳಗೆ ತರಲೇಬೇಡಿ. ಅದರ ಗಾಳಿಗೆ ಪ್ರತಿವಿಷ ಇಲ್ಲ.

ಯಾರು ಮಾಡೋದು?

ನಾಟಿ ಕಾಲದಲ್ಲಿ ಹೆಣ್ಣುಮಕ್ಕಳು ಸಂಜೆವರೆಗೆ ಬಗ್ಗಿ ದುಡಿದು ಬಂದು ಹಾಲು ಕರೆದು, ಹಿಟ್ಟು ತೊಳಸಿ, ಆಮೇಲೆ ಈ ಪಟ್ಟಿಯನ್ನೂ ಒಬ್ಬರೇ ಹೊರಬೇಕು ಅಂದರೆ ಯಾವ ಕ್ರಮವೂ ಒಂದು ವಾರ ನಿಲ್ಲಲ್ಲ. ಕೊಳೆ ಹೆಚ್ಚೋದು ಸೋಮಾರಿತನದಿಂದಲ್ಲ, ಆಳು ಸಾಲದೆ. ನಮ್ಮಲ್ಲಿ ಹಾಲಿನ ಕ್ಯಾನು, ಔಷಧದ ಪೆಟ್ಟಿಗೆ, ತಿಪ್ಪೆ ಗಂಡಸರದ್ದು. ಡ್ರಮ್ಮು ಉಜ್ಜೋದು ಭಾನುವಾರ ಮಕ್ಕಳದ್ದು. ಉಂಡ ತಟ್ಟೆ ಅವರವರೇ ತೊಳೀಬೇಕು. ಇಷ್ಟಾದರೆ ರಾತ್ರಿಯ 25 ನಿಮಿಷ ಭಾರವಲ್ಲ.

ಗೋಡೆಗೆ ಅಂಟಿಸಲು

ದಿನಾ ರಾತ್ರಿ: ಪಾತ್ರೆ, ಕಟ್ಟೆ, ನೆಲ, ಕಸ, ಮಸಿಬಟ್ಟೆ.
ಎರಡು ಹೊತ್ತು: ಹಾಲಿನ ಕ್ಯಾನು, ಕಲಗಚ್ಚಿನ ಬಾನಿ.
ಮೂರು ದಿನಕ್ಕೆ: ಸಗಣಿ, ಹಿತ್ತಲ ಕಸ.
ವಾರಕ್ಕೆ: ಡ್ರಮ್ಮು, ತೊಟ್ಟಿ, ಹೊಸ ನಾರು.
ತಿಂಗಳಿಗೆ: ಕಾಳು, ಡಬ್ಬಿ, ಜಿರಲೆ ಉಂಡೆ, ಇಲಿ ತೂತು, ಗ್ಯಾಸ್ ಪೈಪು.
ವರ್ಷಕ್ಕೆ: ಮಸಿ, ಹೆಂಚು, ಸುಣ್ಣ.
ಎಂದೂ ಇಲ್ಲ: ಔಷಧ.

ಮೊದಲ ತಿಂಗಳು ರಾತ್ರಿಯದನ್ನು ಮಾತ್ರ ಹಿಡಿಯಿರಿ. ಅದು ಕೈಗೆ ಕೂತ ಮೇಲೆ ಉಳಿದದ್ದು ಒಂದೊಂದೇ ಸೇರಿಸಿ. ನಿಮ್ಮ ಮನೆಗಳಲ್ಲಿ ಇದಕ್ಕಿಂತ ಸುಲಭದ ಕ್ರಮ ಇದ್ದರೆ ಪತ್ರಿಕೆಗೆ ಬರೆಯಿರಿ, ಎಲ್ಲರಿಗೂ ಉಪಕಾರ ಆಗುತ್ತೆ.