ಉಳಿದ ಅನ್ನವೂ ಉಷ್ಣದ ನಿಯಮವೂ

ಮಂಡ್ಯದ ಒಂದು ಕಲ್ಯಾಣ ಮಂಟಪದಲ್ಲಿ ಮದುವೆಯ ಊಟ ಮುಗಿದಿದೆಯೆಂದು ಭಾವಿಸೋಣ. ಮಧ್ಯಾಹ್ನ ಮೂರು ಗಂಟೆ. ಒಂದು ಕೊಳದಪ್ಪಲೆಯ ತುಂಬ ಅನ್ನ, ಇನ್ನೊಂದರ ತುಂಬ ಸಾರು ಉಳಿದಿವೆ. ಮದ್ದೂರಿನಲ್ಲಿಯೋ ಮಳವಳ್ಳಿಯಲ್ಲಿಯೋ ಹಸಿದವರಿದ್ದಾರೆ. ಅವರಿಗೆ ಇದನ್ನು ಹಂಚಲು ಕೆಲವು ತರುಣರು ವಾಹನದೊಡನೆ ಬಂದು ನಿಂತಿದ್ದಾರೆ. ಇಲ್ಲಿ ಭೌತವಿಜ್ಞಾನಕ್ಕೆ ಏನು ಕೆಲಸವೆಂದು ವಾಚಕರು ಕೇಳಬಹುದು. ಆ ಅನ್ನವು ಹಸಿವನ್ನು ಹಿಂಗಿಸುವುದೋ, ರೋಗವನ್ನು ತರುವುದೋ ಎಂಬುದು ಬಹುಮಟ್ಟಿಗೆ ಉಷ್ಣದ ನಿಯಮಗಳನ್ನೇ ಅವಲಂಬಿಸಿದೆ.

ಇದು ಸಣ್ಣ ವಿಷಯವಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಹೀಗೆ ಮಿಗುವುದನ್ನು ಹಂಚುವ ಸ್ವಯಂಸೇವಕರ ಗುಂಪುಗಳು ಅನೇಕ ದೇಶಗಳಲ್ಲಿವೆ. ನಮ್ಮ ದೇಶದಲ್ಲಿ 'ರಾಬಿನ್ ಹುಡ್ ಆರ್ಮಿ' 2014ರಲ್ಲಿ ದೆಹಲಿಯಲ್ಲಿ ಆರಂಭವಾಯಿತು. ಇಂಥ ಆಹಾರದ ಸಂಗ್ರಹಣೆ ಮತ್ತು ವಿತರಣೆಗೆಂದೇ 2019ರಲ್ಲಿ ಕೇಂದ್ರದ ನಿಯಮಾವಳಿಯೂ ಹೊರಬಿದ್ದಿತು.

ಮೊದಲು ಅಪಾಯವೆಲ್ಲಿದೆಯೆಂದು ನೋಡೋಣ. ಆಹಾರದಲ್ಲಿ ಬೆಳೆಯುವ ಬ್ಯಾಕ್ಟೀರಿಯಗಳಿಗೆ ಸುಮಾರು 5°ಯಿಂದ 60° ಸೆಂಟಿಗ್ರೇಡಿನವರೆಗಿನ ಉಷ್ಣತೆ ಅನುಕೂಲವಾದುದು. ಅದರ ನಡುಭಾಗದಲ್ಲಿ ಕೆಲವು ಬ್ಯಾಕ್ಟೀರಿಯಗಳು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲವು. ನಾಲ್ಕು ಗಂಟೆಗಳಲ್ಲಿ 12 ಸಲ ಇಮ್ಮಡಿಯಾದರೆ ಒಂದು ಇದ್ದದ್ದು 4,096 ಆಗುತ್ತದೆ. ಅನ್ನದಲ್ಲಿ ಮುಖ್ಯವಾದುದು ಬ್ಯಾಸಿಲಸ್ ಸೀರಿಯಸ್. ಅದರ ಬೀಜಾಣುಗಳು ಅನ್ನ ಬೇಯುವಾಗಲೂ ಸಾಯದೆ ಉಳಿದು, ಅನ್ನ ಆರಿದಾಗ ಮೊಳೆಯುತ್ತವೆ. ಅದು ಉತ್ಪಾದಿಸುವ ಒಂದು ವಿಷವು ಮರಳಿ ಕುದಿಸಿದರೂ ನಾಶವಾಗದು. ವಾಸನೆಯಿಂದ ಅದನ್ನು ಗುರುತಿಸಲೂ ಆಗದು. ಆದುದರಿಂದ, 'ಇನ್ನೊಮ್ಮೆ ಬಿಸಿಮಾಡಿದರಾಯಿತು' ಎಂಬ ಮಾತು ಸರಿಯಲ್ಲ.

ಇನ್ನು ಆರುವ ಬಗೆ. ಬಿಸಿ ವಸ್ತುವು ಶಾಖವನ್ನು ಕಳೆದುಕೊಳ್ಳುವ ವೇಗವು ಅದಕ್ಕೂ ಸುತ್ತಲಿನ ಗಾಳಿಗೂ ಇರುವ ಉಷ್ಣತೆಯ ಅಂತರಕ್ಕೆ ಅನುಗುಣವಾಗಿರುತ್ತದೆಂದು ನ್ಯೂಟನ್ 1701ರಲ್ಲಿ ತಿಳಿಸಿದನು. ಅಂತರ ಕಡಮೆಯಾದಂತೆ ಆರುವಿಕೆಯೂ ನಿಧಾನವಾಗುತ್ತದೆ. ಬೇಸಗೆಯಲ್ಲಿ ಗಾಳಿಯ ಉಷ್ಣತೆ 35° ಇದ್ದರೆ, ಪಾತ್ರೆಯ ಅನ್ನವು ಆ ಮಟ್ಟಕ್ಕೆ ಇಳಿದು ಅಲ್ಲಿಯೇ ನಿಲ್ಲುತ್ತದೆ. ಅದು ಬ್ಯಾಕ್ಟೀರಿಯಗಳಿಗೆ ಅತ್ಯಂತ ಪ್ರಿಯವಾದ ಮಟ್ಟವೆಂಬುದನ್ನು ಗಮನಿಸಬೇಕು.

ಪಾತ್ರೆಯ ಗಾತ್ರವೂ ಮುಖ್ಯ. 40 ಸೆಂಟಿಮೀಟರು ವ್ಯಾಸ, ಅಷ್ಟೇ ಎತ್ತರವಿರುವ ಪಾತ್ರೆಯಲ್ಲಿ ಸುಮಾರು 50 ಲೀಟರು ಹಿಡಿಯುತ್ತದೆ. ಅದರ ಒಟ್ಟು ಮೇಲ್ಮೈ ಸುಮಾರು 0.75 ಚದರ ಮೀಟರು. ಅಷ್ಟನ್ನೇ ತಟ್ಟೆಗಳಲ್ಲಿ 5 ಸೆಂಟಿಮೀಟರು ದಪ್ಪಕ್ಕೆ ಹರಡಿದರೆ ಮೇಲೂ ಕೆಳಗೂ ಸೇರಿ 2 ಚದರ ಮೀಟರಾಗುತ್ತದೆ. ಸಾರಿನಲ್ಲಿ ದ್ರವದ ಚಲನೆಯಿಂದ ಶಾಖವು ಅಂಚಿಗೆ ಬರುತ್ತದೆ. ಅನ್ನದಲ್ಲಿ ಅಂಥ ಚಲನೆಯಿಲ್ಲ. ಶಾಖವು ಅಗುಳಿನಿಂದ ಅಗುಳಿಗೆ ವಹನದಿಂದಲೇ ಸಾಗಬೇಕು. ಇದಕ್ಕೆ ತಗಲುವ ಕಾಲವು ದಪ್ಪದ ವರ್ಗಕ್ಕೆ ಅನುಗುಣವಾಗಿರುವುದರಿಂದ, ದಪ್ಪ ಇಮ್ಮಡಿಯಾದರೆ ಕಾಲವು ಸುಮಾರು ನಾಲ್ಮಡಿಯಾಗುತ್ತದೆ. ದೊಡ್ಡ ರಾಶಿಯ ಮೇಲ್ಭಾಗ ತಣ್ಣಗಾಗಿದ್ದರೂ ನಡುವೆ ಹಬೆಯಾಡುವುದು ಇದರಿಂದಲೇ.

ಹಾಗಾದರೆ ಎರಡು ದಾರಿಗಳಿವೆ. ಶೈತ್ಯಾಗಾರವಿದ್ದರೆ, ತೆಳ್ಳಗೆ ಹರಡಿ ಬೇಗನೆ 5°ಗಿಂತ ಕೆಳಗೆ ಇಳಿಸಬೇಕು. ಇಲ್ಲದಿದ್ದರೆ, 60°ಗಿಂತ ಮೇಲೆಯೇ ಕಾಪಾಡಿ, ಬಿಸಿಯಾಗಿರುವಾಗಲೇ ಬಡಿಸಿ ಮುಗಿಸಬೇಕು. ಈ ಎರಡನೆಯ ದಾರಿಯಲ್ಲಿ ದೊಡ್ಡ ಪಾತ್ರೆಯ ದೋಷವೇ ಗುಣವಾಗುತ್ತದೆ. ಒಲೆಯಿಂದ ಇಳಿಸಿದೊಡನೆ ಪಾತ್ರೆಯ ಬಾಯನ್ನು ಬಿಗಿಯಾಗಿ ಮುಚ್ಚಿ, ಸುತ್ತ ಕಂಬಳಿ ಹೊದಿಸಿ, ಭತ್ತದ ಹುಲ್ಲನ್ನು ಒತ್ತಾಗಿ ತುಂಬಿದರೆ, ಹುಲ್ಲಿನ ನಡುವೆ ಸಿಕ್ಕಿಬಿದ್ದ ಗಾಳಿಯು ಶಾಖವನ್ನು ಸುಲಭವಾಗಿ ಹೊರಬಿಡದು. ಆದರೂ ಕೈಯ ಅಂದಾಜು ಸಾಲದು. ಉಷ್ಣಮಾಪಕವನ್ನು ಪಾತ್ರೆಯ ನಡುವಿಗೂ ಅಂಚಿಗೂ ಇಳಿಸಿ ನೋಡಬೇಕು.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದೇ ಅಳತೆಯ ಎರಡು ಮುಚ್ಚಿದ ಪಾತ್ರೆಗಳಲ್ಲಿ ಸಮನಾಗಿ ಬಿಸಿನೀರು ತುಂಬಿ, ಒಂದನ್ನು ಬಯಲಿನಲ್ಲಿಯೂ ಇನ್ನೊಂದನ್ನು ಹುಲ್ಲು ತುಂಬಿದ ಬುಟ್ಟಿಯಲ್ಲಿಯೂ ಇಡಿ. ಹತ್ತು ನಿಮಿಷಕ್ಕೊಮ್ಮೆ ಉಷ್ಣತೆಯನ್ನು ಅಳೆದು ನಕ್ಷೆ ಬರೆಯಿರಿ. ಯಾವುದು ಎಷ್ಟು ಹೊತ್ತಿಗೆ 60° ಮುಟ್ಟುವುದೆಂಬುದು ಸ್ಪಷ್ಟವಾಗುತ್ತದೆ.

ಇನ್ನೊಂದು ಉಪಾಯವೂ ಉಂಟು. 1980ರಲ್ಲಿ ಅಮೆರಿಕದ ಕೇಂಬ್ರಿಜ್ ನಗರದಲ್ಲಿ ಹುಟ್ಟಿದ 'ಫುಡ್ ನಾಟ್ ಬಾಂಬ್ಸ್' ಎಂಬ ಚಳವಳಿಯ ಗುಂಪುಗಳು, ಮಾರಾಟವಾಗದೆ ಉಳಿದ ತರಕಾರಿಗಳನ್ನು ಪಡೆದು, ಮಾಂಸವಿಲ್ಲದೆ, ಸಾಮಾನ್ಯವಾಗಿ ಹಾಲು ಬೆಣ್ಣೆಗಳೂ ಇಲ್ಲದೆ ಅಡಿಗೆ ಮಾಡಿ ಬೀದಿಯಲ್ಲಿ ಉಚಿತವಾಗಿ ಬಡಿಸುತ್ತವೆ. ಇಲ್ಲಿ ಉಳಿದದ್ದು ಅಡಿಗೆಯಲ್ಲ, ಕಾಯಿಪಲ್ಯ. ಕಾಲದ ಲೆಕ್ಕವು ಪಾತ್ರೆಯನ್ನು ಒಲೆಯಿಂದ ಇಳಿಸಿದಾಗಲೇ ಆರಂಭವಾಗುತ್ತದೆ. ಸಂತೆಯಲ್ಲಿ ಉಳಿದ ಸೊಪ್ಪಿನ ಸಾರು, ಬಿಸಿ ರಾಗಿ ಮುದ್ದೆ ನಮ್ಮ ಸೀಮೆಗೆ ಹೊಸತಲ್ಲ. ತುಪ್ಪವೊಂದನ್ನು ಬಿಟ್ಟರೆ ಅದೂ ಅಂಥದೇ ಊಟ.

ಈಗ ಕಲ್ಯಾಣ ಮಂಟಪಕ್ಕೆ ಮರಳೋಣ. ಅನ್ನ ಬೆಂದದ್ದು ಹನ್ನೊಂದು ಗಂಟೆಗೆ. ಅಂದಿನಿಂದ ಮುಚ್ಚಳ ತೆರೆದೇ ಇದೆ. ಉಷ್ಣಮಾಪಕ 45° ತೋರಿಸುತ್ತಿದೆ. 60°ಯನ್ನು ಅದು ಯಾವಾಗ ದಾಟಿತೋ ಬಲ್ಲವರಿಲ್ಲ. ಮನಸ್ಸಿಗೆ ಎಷ್ಟೇ ನೋವಾದರೂ ಆ ಅನ್ನವನ್ನು ಹಂಚಬಾರದು. ಗೊಬ್ಬರದ ಗುಂಡಿಗೆ ಹಾಕಬೇಕು. ಉಂಡವನಿಗೆ ವಾಂತಿಭೇದಿ ಬಂದರೆ, ಹಸಿದು ಸೊರಗಿದ ದೇಹವು ಅದನ್ನು ತಾಳಲಾರದು. ಮಕ್ಕಳೂ ಮುದುಕರೂ ಮೊದಲು ಬಲಿಯಾಗುತ್ತಾರೆ. ಮುಂದಿನ ಮದುವೆಯಲ್ಲಿ ಬೆಳಗ್ಗೆಯೇ ಅಡಿಗೆಯವರೊಡನೆ ಮಾತನಾಡಿ, ಬಡಿಸಲು ತೆರೆಯದ ಪಾತ್ರೆಗಳನ್ನು ಮುಚ್ಚಿ, ಹುಲ್ಲಿನಲ್ಲಿ ಹುದುಗಿಸಿಟ್ಟರೆ, ಮದ್ದೂರಿನವರೂ ಮಳವಳ್ಳಿಯವರೂ ನಿರ್ಭಯವಾಗಿ ಉಣ್ಣಬಹುದು. ಊಟ ಬಲ್ಲವನಿಗೆ ರೋಗವಿಲ್ಲವೆಂದು ಗಾದೆಯಿದೆ. ದಾನದ ಊಟದಲ್ಲಿ ಬಲ್ಲವನಾಗಬೇಕಾದವನು ಬಡಿಸುವವನು.