ಮಂಡಕಳ್ಳಿಯಿಂದ ಕುದುರೆಮುಖಕ್ಕೆ: ಅಬ್ಬಿಯ ಜೊತೆ ಹುಲ್ಲನ್ನೂ ನೋಡಿ

ಕುದುರೆಮುಖ ಪ್ರವಾಸ ಶುರುವಾಗುವುದು ಮೊಬೈಲ್‌ನಲ್ಲೇ. ಚಾರಣದ ಆಸೆಯಿದ್ದರೆ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡ ಟಿಕೆಟ್ ತೆಗೆಯಿರಿ. ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿಯಿದೆ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಚಾರಣವನ್ನೇ ನಿಲ್ಲಿಸುವುದುಂಟು. ಆಷಾಢದಲ್ಲಿ ಅಬ್ಬಿಗಳು ಮೈದುಂಬಿದರೂ ಮಂಜು ಕಣ್ಣು ಕಟ್ಟುತ್ತದೆ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗಿನ ಕಾಲವೇ ವಾಸಿ.

ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದ ಕಡೆಯಿಂದ ಬೆಳಗಿನ ಜಾವವೇ ಹೊರಡಿ. ರಿಂಗ್ ರಸ್ತೆ ಹಿಡಿದು ಇಲವಾಲ, ಬಿಳಿಕೆರೆ, ಕೆ.ಆರ್. ನಗರ, ಹೊಳೆನರಸೀಪುರದ ಮೂಲಕ ಹಾಸನ. ಮುಂದೆ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಕಳಸ. 250 ಕಿ.ಮೀ.ಗೂ ಮಿಕ್ಕಿದ ದಾರಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಮುಂದೆ ಹೋಗುವವರನ್ನು ನಾನಂತೂ ಕಂಡಿಲ್ಲ. ಕತ್ತಲಾಗುವ ಮುನ್ನ ಕಳಸ ಅಥವಾ ಸಂಸೆಯ ಹೋಂಸ್ಟೇ ಸೇರಿಕೊಳ್ಳಿ. ಪೆಟ್ರೋಲನ್ನೂ ಕಳಸದಲ್ಲೇ ಹಾಕಿಸಿಬಿಡಿ.

1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕುದುರೆಮುಖದ ಕಾಡಿನ ಹರವು ಸುಮಾರು 600 ಚದರ ಕಿ.ಮೀ. ಇಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತದ್ದು 2005ರ ಕೊನೆಗೆ. ಚೆಕ್‌ಪೋಸ್ಟ್‌ನಲ್ಲಿ ವಾಹನದ ವಿವರ ಬರೆಸಿ ಒಳಹೊಕ್ಕ ಮೇಲೆ ಕಂಡಕಂಡಲ್ಲಿ ಇಳಿಯುವಂತಿಲ್ಲ. ಕಾರ್ಕಳದ ದಾರಿಯಲ್ಲಿ ಕಡಾಂಬಿ ಜಲಪಾತ ರಸ್ತೆಬದಿಗೇ ಸಿಗುತ್ತದೆ, ದೂರದಿಂದ ನೋಡಿದರೆ ಸಾಕು. ಹನುಮನಗುಂಡಿಗೆ ಟಿಕೆಟ್ ಪಡೆದು ಮೆಟ್ಟಿಲಿಳಿಯಬೇಕು. ಪಾಚಿ ಕಟ್ಟಿದ ಮೆಟ್ಟಿಲು, ಅವಸರ ಬೇಡ. ಹತ್ತಿ ಬರುವಾಗ ಮಂಡಿನೋವಿನವರಿಗೆ ಕಷ್ಟ.

ಗಿಡಗಳ ವಿಷಯಕ್ಕೆ ಬಂದರೆ, ಬೆಟ್ಟದ ನೆತ್ತಿಯೆಲ್ಲ ಹುಲ್ಲು, ಕಣಿವೆಯ ಸಂದಿಯಲ್ಲಷ್ಟೇ ಶೋಲಾ ಕಾಡು. ಮರದ ಕೊಂಬೆಗೆ ಸೀತಾಳೆ ದಂಡೆ, ಒದ್ದೆ ಬಂಡೆಗೆ ಕಾಡು ಕರ್ಣಕುಂಡಲ. ಇವಕ್ಕಿಂತ ಹೆಚ್ಚಾಗಿ ಹುಡುಕಲೇಬೇಕಾದದ್ದು ಜೌಗು ಹುಲ್ಲಿನ ನಡುವಿನ ಡ್ರಾಸೆರಾ. ಹಳೆಯ ರೂಪಾಯಿ ನಾಣ್ಯದಷ್ಟಗಲದ ಕೆಂಪು ಗಿಡ. ಎಲೆಯ ಪ್ರತಿ ರೋಮದ ತುದಿಯಲ್ಲೂ ಅಂಟಿನ ಹನಿ. ಕೂತ ನುಸಿ ಮತ್ತೆ ಏಳುವುದಿಲ್ಲ, ಎಲೆ ನಿಧಾನಕ್ಕೆ ಮಡಿಚಿಕೊಂಡು ಅದನ್ನು ಜೀರ್ಣಿಸಿಕೊಳ್ಳುತ್ತದೆ. ಸುರಿಮಳೆಗೆ ಸಾರ ತೊಳೆದುಹೋದ ಮಣ್ಣಿನಲ್ಲಿ ಸಾರಜನಕಕ್ಕೆ ಅದಕ್ಕಿರುವ ದಾರಿ ಇದೇ. ಫೋಟೊ ತೆಗೆಯಿರಿ, ಕೀಳಬೇಡಿ. ಉದ್ಯಾನದಿಂದ ಗಿಡ ಒಯ್ಯುವುದು ಅಪರಾಧ.

ಸುಮಾರು 1,890 ಮೀಟರ್ ಎತ್ತರದ ಕುದುರೆಮುಖ ಶಿಖರಕ್ಕೆ ಮುಳ್ಳೋಡಿಯಿಂದ ಹತ್ತಬೇಕು, ಇಡೀ ದಿನದ ನಡಿಗೆ. ಮಕ್ಕಳು, ಹಿರಿಯರು ಜೊತೆಗಿದ್ದರೆ ಅದನ್ನು ಬಿಟ್ಟುಬಿಡಿ. ಹೋಗುವವರು ಗೈಡ್ ಹೇಳಿದಂತೆ ಕೇಳಿ, ಪ್ಲಾಸ್ಟಿಕ್ ಹೊರಬೇಡಿ. ಇಂಬಳಕ್ಕೆ ಹೊಗೆಸೊಪ್ಪು ನೆನೆಸಿದ ನೀರನ್ನು ಕಾಲುಚೀಲಕ್ಕೆ ಹಚ್ಚಿದರಾಯಿತು. ಹೊಗೆಸೊಪ್ಪು ಬೆಳೆಯುವ ಹುಣಸೂರು ಸೀಮೆಯ ನೆಂಟರಿದ್ದರೆ ಅದಕ್ಕೇನು ಬರ!